ಹುಟ್ಟಿದ ತಾರೀಖು ನೋಡಿ ಹೊಗೆ ಅಳೆಯುವವರು

ಮೊನ್ನೆ ಸಾಗರದಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಯ್ಯ, ದೆಹಲೀಲಿ ಹಳೇ ಡೀಸೆಲ್ ಗಾಡಿ ಮಂಡಕ್ಕಿ ರೇಟಿಗೆ ಸಿಗ್ತದಂತಲ್ಲ? ಪಕ್ಕದ ಮನೆಯವ್ರಿಗೊಂದು ನೋಡು. ಫೋರ್ ವೀಲೇ ಬೇಕಂತೆ" ಎಂದ. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅದು ಯಾಕೆ ಅಷ್ಟು ಅಗ್ಗ ಎಂಬುದು ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ. ಇಲ್ಲಿ ಹೇಳುತ್ತೇನೆ.

2014ರ ಸೆಪ್ಟೆಂಬರಿನಲ್ಲಿ, ಬ್ಯಾಂಕಿನಲ್ಲಿ ಇನ್ನೂ ಸರ್ವೀಸಿದ್ದಾಗ, ನಾನೊಂದು ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೋ ಕೊಂಡೆ. 2012ರ ಏಪ್ರಿಲ್ ನೋಂದಣಿ, 2.2 ಲೀಟರ್ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು. ಕನ್ನಡ ಬಳಗದ ಗೆಳೆಯರು ನಕ್ಕರು. "ದ್ವಾರಕಾದಿಂದ ಕನ್ನಾಟ್ ಪ್ಲೇಸಿಗೆ ಹೋಗೋಕೆ ಫೋರ್ ವೀಲ್ ಯಾಕ್ರೀ?" ದೆಹಲಿಗಾಗಿ ಯಾರು ಕೊಂಡರು ಸ್ವಾಮಿ! ದೆಹಲಿಯಲ್ಲಿ ಹಿಡಿದ 48ನೇ ರಾಷ್ಟ್ರೀಯ ಹೆದ್ದಾರಿ ಜೈಪುರ, ಉದಯಪುರ, ಅಹಮದಾಬಾದು, ಪುಣೆ, ಬೆಳಗಾವಿ ದಾಟಿ ಹಾವೇರಿಯವರೆಗೆ ಅದೇ ಹೆದ್ದಾರಿ. ಅಲ್ಲಿಂದ ಹಾನಗಲ್ಲು, ಸೊರಬದ ಮೇಲೆ ಸಾಗರ. ಎರಡು ಸಾವಿರ ಕಿಲೋಮೀಟರು ಯಾವ ಕಾರಿನಲ್ಲಾದರೂ ಬರಬಹುದು. ತೊಂದರೆ ಇರುವುದು ಕೊನೆಯ ಒಂದೂವರೆ ಕಿಲೋಮೀಟರಿನಲ್ಲಿ. ನಮ್ಮ ಮನೆಯ ದರೆಯ ಏರು ಜುಲೈ ತಿಂಗಳಲ್ಲಿ ನೋಡಿದವರಿಗೆ ಫೋರ್ ವೀಲ್ ಯಾಕೆ ಅಂತ ಹೇಳಬೇಕಾಗಿಲ್ಲ.

ಕೊಳ್ಳುವಾಗ ಸಾಲ ಮಂಜೂರು ಮಾಡುವವನ ಕಣ್ಣಿನಲ್ಲೇ ನೋಡಿದೆ. ಬಣ್ಣ, ಸೀಟಿನ ಬಟ್ಟೆ ಎಲ್ಲರೂ ನೋಡುತ್ತಾರೆ. ನಾನು ಮೊದಲು ನೋಡಿದ್ದು ಆರ್.ಸಿ.ಯಲ್ಲಿ ಹಳೆಯ ಸಾಲದ ನಮೂದು. ಸಾಲ ತೀರಿದರೂ ಫಾರಂ 35 ಕೊಟ್ಟು ಆ ನಮೂದು ತೆಗೆಸದಿದ್ದರೆ ಗಾಡಿ ಕಾಗದದಲ್ಲಿ ಇನ್ನೂ ಸಾಲ ಕೊಟ್ಟವನ ಅಡವೇ. ಆಮೇಲೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಕೆಸರು ತುಂಬಿದ ಖಾಲಿ ಸೈಟಿಗೆ ಹೋಗಿ ಫೋರ್ ಲೋ ಹಾಕಿಸಿ ನೋಡಿದೆ. ಊರೊಳಗೇ ಓಡಿದ ಗಾಡಿಗಳಲ್ಲಿ ಆ ಗುಂಡಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ, ಬೇಕಾದ ದಿನ ಅದು ಬೀಳುವುದೂ ಇಲ್ಲ. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತವಿರಬೇಕು. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬಾರದು. ಮುಂದಿನ ಅಚ್ಚು ಹಿಂದಿನ ಅಚ್ಚು ಒಂದಕ್ಕೊಂದು ಬಿಗಿದುಕೊಂಡು ತಿರುವಿನಲ್ಲಿ ಗೇರುಗಳು ನರಳುತ್ತವೆ. ಇಷ್ಟೆಲ್ಲ ನೋಡಿ, ಚೌಕಾಸಿ ಮಾಡಿ, ಏಳೂಮುಕ್ಕಾಲು ಲಕ್ಷ ಕೊಟ್ಟೆ. ಒಂದು ಮಾತ್ರ ನೋಡಿರಲಿಲ್ಲ, ನೋಡಲು ಸಾಧ್ಯವೂ ಇರಲಿಲ್ಲ. ನನ್ನ ಗಾಡಿಗೂ ರಿಟೈರ್‌ಮೆಂಟ್ ವಯಸ್ಸು ಬರುತ್ತದೆ ಎಂಬುದು!

2015ರ ಏಪ್ರಿಲ್ 7ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಮತ್ತು ಎನ್‌ಸಿಆರ್‌ನಲ್ಲಿ ಓಡಬಾರದು ಎಂದಿತು. ಇದು ನಿಲ್ಲಲಿಕ್ಕಿಲ್ಲ ಎಂದುಕೊಂಡೆವು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನನ್ನ ಆರ್.ಸಿ. ತೆಗೆದು ನೋಡಿದರೆ ಸಿಂಧುತ್ವ 2027ರ ಏಪ್ರಿಲ್ ವರೆಗೆ ಎಂದು ಸರ್ಕಾರವೇ ಅಚ್ಚು ಹಾಕಿದೆ. ರಸ್ತೆ ತೆರಿಗೆ ಮೊದಲ ದಿನವೇ ಒಂದೇ ಗಂಟಿನಲ್ಲಿ ವಸೂಲಾಗಿದೆ. ಹದಿನೈದು ವರ್ಷದ ಠೇವಣಿ ಇಟ್ಟವನಿಗೆ ಹತ್ತನೇ ವರ್ಷ "ನಿಮ್ಮ ಖಾತೆ ಮುಗೀತು, ಮನೆಗೆ ಹೋಗಿ" ಎಂದು ನಾನು ಕೌಂಟರಿನಲ್ಲಿ ಕೂತು ಹೇಳಿದ್ದರೆ ನನ್ನನ್ನು ಅಂದೇ ಸಸ್ಪೆಂಡ್ ಮಾಡುತ್ತಿದ್ದರು.

ಹೊಗೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನವೆಂಬರ್ ಬಂತೆಂದರೆ ನನ್ನ ಹೆಂಡತಿಯ ದಿಂಬಿನ ಪಕ್ಕ ಇನ್‌ಹೇಲರ್ ಇರುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದ್ದು 2012ರಲ್ಲಿ, ನನ್ನ ಗಾಡಿ ಹುಟ್ಟಿದ ವರ್ಷವೇ. ಹಾಗಿದ್ದ ಮೇಲೆ ಹೊಗೆಯನ್ನು ಅಳೆಯಿರಿ. ಹುಟ್ಟಿದ ತಾರೀಖನ್ನು ಅಳೆದರೆ ಏನು ಸಿಗುತ್ತದೆ? ದೆಹಲಿಗೆ ಬಿಎಸ್-4 ಬಂದದ್ದು 2010ರ ಏಪ್ರಿಲಿನಲ್ಲಿ, ಇಡೀ ದೇಶಕ್ಕೆ ಬಂದದ್ದು 2017ರಲ್ಲಿ. 2012ರಲ್ಲಿ ದೇಶದ ಬಹುಪಾಲು ಕಡೆ ಬಿಎಸ್-3 ಗಾಡಿಗಳೇ ಮಾರಾಟವಾಗುತ್ತಿದ್ದವು. ಅದೇ ವರ್ಷದ ನನ್ನದು ಬಿಎಸ್-4. ತಾರೀಖು ಹಿಡಿದವನಿಗೆ ಎರಡೂ ಒಂದೇ! ಎಣ್ಣೆ ಬದಲಿಸದೆ, ಇಂಜೆಕ್ಟರ್ ಕೆಟ್ಟು ಕರೀ ಹೊಗೆ ಕಾರುವ ಎಂಟು ವರ್ಷದ ಗಾಡಿ ಸಭ್ಯಸ್ಥ. ಕಾಲಕಾಲಕ್ಕೆ ಸರ್ವೀಸ್ ಆದ ಹತ್ತು ವರ್ಷ ಒಂದು ದಿನದ ಗಾಡಿ ಅಪರಾಧಿ.

ಅಳೆಯುವ ವ್ಯವಸ್ಥೆ ಇಲ್ಲವೇ? ಇದೆ, ಪಿಯುಸಿ ಎಂಬ ಚೀಟಿ. ಡೀಸೆಲ್ ಗಾಡಿಗೆ ಅದು ನೋಡುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಒಮ್ಮೆ ಒಂದು ಪಂಪಿನ ಹುಡುಗ ಕೊಳವೆಯನ್ನು ನನ್ನ ಗಾಡಿಗೆ ತಾಗಿಸುವ ಮೊದಲೇ ಚೀಟಿ ಕೊಟ್ಟ. "ಅಂಕಲ್, ಹೋ ಗಯಾ" ಅಂದ. ನಾನು ಹಟ ಹಿಡಿದು ಪರೀಕ್ಷೆ ಮಾಡಿಸಿದೆ. ಹಿಂದಿದ್ದವರು ಹಾರ್ನ್ ಹೊಡೆದು ಶಾಪ ಹಾಕಿದರು. ಪರೀಕ್ಷೆ ಗಟ್ಟಿ ಮಾಡುವುದು ಕಷ್ಟದ ಕೆಲಸ, ಯಂತ್ರ ಬೇಕು, ಜನ ಬೇಕು, ಪ್ರಾಮಾಣಿಕತೆ ಬೇಕು. ತಾರೀಖು ನೋಡಲು ಕ್ಯಾಲೆಂಡರ್ ಸಾಕು. ನಮ್ಮ ಬ್ಯಾಂಕೂ ಹಾಗೇ ಮಾಡುತ್ತಿತ್ತು ಅನ್ನಿ. ನಲವತ್ತೈದಕ್ಕೇ ಕುರ್ಚಿಯಲ್ಲಿ ನಿದ್ದೆ ಹೋದವರೂ ಅರುವತ್ತರವರೆಗೆ ಇದ್ದರು, ಚುರುಕಾಗಿದ್ದವರೂ ಅರುವತ್ತಕ್ಕೇ ಹೋದರು. ಆದರೆ ನಮಗೆ ಹಾರ ಹಾಕಿ ಪಿಂಚಣಿ ಕೊಟ್ಟರು, ಗುಜರಿಗೆ ಹಾಕಲಿಲ್ಲ.

ಇನ್ನು ನನಗೆ ನಿಜಕ್ಕೂ ನೋವಾದ ಮಾತು. ಗುಜರಿ ಬೇಡವೆಂದರೆ ಇನ್ನೊಂದು ದಾರಿ ಇಟ್ಟಿದ್ದರು. ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ಎನ್‌ಸಿಆರ್ ಹೊರಗೆ ಸಾಗಿಸಿ ಎಂದರು. ಅಂದರೆ ಏನರ್ಥ? ಈ ಗಾಡಿ ವಿಷ ಕಾರುವುದು ನಿಜವಾದರೆ, ಆ ವಿಷವನ್ನು ನನ್ನ ಅಮ್ಮನ ಅಂಗಳಕ್ಕೆ ಒಯ್ದು ಸುರಿಯಲು ಪತ್ರ ಕೊಟ್ಟಂತಾಯಿತು. ವಿಷ ಕಾರುವುದಿಲ್ಲವಾದರೆ ನನ್ನನ್ನು ಓಡಿಸಿದ್ದು ಯಾಕೆ? ದೆಹಲಿಯವರ ಪುಪ್ಪುಸ ಪುಪ್ಪುಸ, ಸಾಗರದವರದ್ದು ತಿದಿಯೋ? ಈ ಪ್ರಶ್ನೆಯನ್ನು ಕಚೇರಿಯ ಕಿಟಕಿಯಲ್ಲಿ ಕೇಳಿದೆ. "ಮುಂದಿನವರು ಬನ್ನಿ" ಎಂಬ ಉತ್ತರ ಬಂತು.

2022ರ ಮಾರ್ಚಿನಲ್ಲಿ, ಹತ್ತು ತುಂಬಲು ಮೂರು ವಾರವಿರುವಾಗ, ಪತ್ರ ಹಿಡಿದು ನಾನೂ ಹೆಂಡತಿಯೂ ಊರಿಗೆ ಹೊರಟೆವು. ಎಂಟು ವರ್ಷ ಹೋಗಿ ಬಂದ ದಾರಿ ಅದು. ಈ ಸಲ ವಾಪಸು ಬರಬೇಕಾದ್ದು ರೈಲಿನಲ್ಲಿ. ಕರ್ನಾಟಕದಲ್ಲಿ ಮರುನೋಂದಣಿಗೆ ಮತ್ತೆ ತೆರಿಗೆ ಕಟ್ಟಿದೆ. ಐದಂಕಿಯ ಮೊತ್ತ, ಐದಂಕಿಯಲ್ಲೂ ದೊಡ್ಡದೇ. ಗಾಡಿ ತಮ್ಮನ ಕೈಗೆ ಹೋಯಿತು.

ಮರುವರ್ಷ ಜುಲೈಯಲ್ಲಿ ಒಂದು ರಾತ್ರಿ ಅಮ್ಮನಿಗೆ ಎದೆನೋವು. ಎಂಬತ್ತಾರು ವರ್ಷ. ಆಂಬುಲೆನ್ಸು ದರೆಯ ಕೆಳಗೇ ನಿಂತಿತು, ಮೇಲೆ ಹತ್ತಲಿಲ್ಲ. ತಮ್ಮ ಫೋರ್ ಲೋ ಹಾಕಿ, ಅಮ್ಮನನ್ನು ಮಲಗಿಸಿಕೊಂಡು ಇಳಿಸಿದ. ನಾನು ಇಲ್ಲಿ ಆರನೇ ಮಹಡಿಯ ಬಾಲ್ಕನಿಯಲ್ಲಿ ಫೋನ್ ಹಿಡಿದು ನಿಂತಿದ್ದೆ. ಅಮ್ಮ ಉಳಿದಳು, ಈಗಲೂ ಇದ್ದಾಳೆ. ದೆಹಲಿಯ ಲೆಕ್ಕದಲ್ಲಿ ಆ ಗಾಡಿ ಸತ್ತು ಹದಿನೈದು ತಿಂಗಳಾಗಿತ್ತು.

ಆಮೇಲಿನದು ಇನ್ನೂ ತಮಾಷೆ. 2025ರ ಜುಲೈ 1ರಿಂದ ಹಳೆಯ ಗಾಡಿಗಳಿಗೆ ದೆಹಲಿಯ ಪಂಪುಗಳಲ್ಲಿ ಎಣ್ಣೆಯೇ ಇಲ್ಲ ಎಂದರು, ಕೆಲವೇ ದಿನಗಳಲ್ಲಿ ತಡೆಹಿಡಿದರು. ಆಗಸ್ಟ್ 12ರಂದು ಸುಪ್ರೀಂ ಕೋರ್ಟು, ವಯಸ್ಸೊಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರಿನಲ್ಲಿ ಅದನ್ನು ತಿದ್ದಿ, ಈ ರಕ್ಷಣೆ ಬಿಎಸ್-4 ಮತ್ತು ಅದರ ನಂತರದವಕ್ಕೆ ಮಾತ್ರ ಎಂದಿತು. ಅಂದರೆ ಗಾಡಿ ಯಾವ ಮಾನದಂಡಕ್ಕೆ ತಯಾರಾಗಿದೆ ಎಂದು ಕೊನೆಗೂ ಒಬ್ಬರು ಕೇಳಿದರು! ನನ್ನದು ಬಿಎಸ್-4. ಮೂರೂವರೆ ವರ್ಷ ಮೊದಲೇ ವನವಾಸಕ್ಕೆ ಕಳಿಸಿದ್ದೇನೆ. ಕಟ್ಟಿದ ತೆರಿಗೆ ಕೊಡುವವರು ಯಾರು?

ತಮ್ಮನಿಗೆ ರಾತ್ರಿ ನಾನೇ ಫೋನ್ ಮಾಡಿದೆ. "ಗಾಡಿ ಹುಡುಕ್ತೇನೆ, ಆದ್ರೆ ಮಂಡಕ್ಕಿ ರೇಟು ಅಂದ್ಕೋಬೇಡ. ಅಲ್ಲಿನ ತೆರಿಗೆ, ಸಾಗಿಸೋ ಖರ್ಚು, ಟೈರು ಎಲ್ಲ ಕೂಡಿಸ್ಲಿ. ಬಿಎಸ್-3 ಆದ್ರೆ ನಾನು ಕಳ್ಸೋದಿಲ್ಲ. ಇಲ್ಲಿಯವ್ರು ಕುಡಿಯೋಲ್ಲ ಅಂದ ಹೊಗೆ ನೀವ್ಯಾಕೆ ಕುಡೀಬೇಕು?" ಎಂದೆ.

"ಆಯ್ತು ಅಣ್ಣಯ್ಯ, ಹೇಳ್ತೇನೆ" ಎಂದವನು, "ನಮ್ಮದಕ್ಕೆ ಬರೋ ವರ್ಷ ಏಪ್ರಿಲಿಗೆ ಹದಿನೈದು ತುಂಬ್ತದೆ. ಎಫ್.ಸಿ. ಮಾಡಿಸ್ಬೇಕಂತೆ. ಬಾನೆಟ್ ಎತ್ತಿ ನೋಡ್ತಾರಂತೆ" ಎಂದ.

ನೋಡಲಿ.