ಅಗ್ಗದ ಟಿಕೆಟ್: ಉಳಿತಾಯ ಯಾರದು, ಖರ್ಚು ಯಾರದು?

ಬೇಸಿಗೆ ರಜೆ ಹತ್ತಿರವಾದಂತೆ ಯುರೋಪಿನಲ್ಲಿರುವ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೂ ರಜೆ, ನಾಲ್ಕು ದಿನ ಲಂಡನ್ ತೋರಿಸಿಕೊಂಡು ಬರೋಣ ಎಂಬುದು. ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಟಿಕೆಟ್ ಹುಡುಕಲು ಕುಳಿತರೆ ಮೊದಲ ಸಾಲಿನಲ್ಲೇ ಆಸೆ ಹುಟ್ಟಿಸುವ ದರ ಕಾಣುತ್ತದೆ. ಲಂಡನ್ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಸಣ್ಣಗೆ ಸ್ಟ್ಯಾನ್‌ಸ್ಟೆಡ್ ಎಂದೋ ಲೂಟನ್ ಎಂದೋ ಬರೆದಿರುತ್ತದೆ. ನಾಲ್ಕು ಸಾಲು ಕೆಳಗೆ ಹೀಥ್ರೂ ಇದೆ, ದರ ಅದರ ಎರಡರಷ್ಟು. ಬೆರಳು ತಾನಾಗಿಯೇ ಮೊದಲ ಸಾಲನ್ನು ಒತ್ತುತ್ತದೆ. ನಾವೂ ಒತ್ತಿದವರೇ. ಆದ್ದರಿಂದ ಇದು ಬೇರೆಯವರಿಗೆ ಹೇಳುವ ಬುದ್ಧಿಮಾತಲ್ಲ, ನಮ್ಮದೇ ಲೆಕ್ಕವನ್ನು ಇನ್ನೊಮ್ಮೆ ತೆಗೆದು ನೋಡುವ ಪ್ರಯತ್ನ.

ಮೊದಲು ದೂರದ ವಿಷಯ. ಹೀಥ್ರೂ ಮಧ್ಯ ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು 24 ಕಿಲೋಮೀಟರ್. ದಕ್ಷಿಣದ ಗ್ಯಾಟ್‌ವಿಕ್ ಸುಮಾರು 45, ಉತ್ತರದ ಲೂಟನ್ ಸುಮಾರು 50. ಈಶಾನ್ಯದ ಸ್ಟ್ಯಾನ್‌ಸ್ಟೆಡ್ ಮತ್ತು ಪೂರ್ವದ ಸೌತೆಂಡ್ ಸುಮಾರು 60 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು. ಎಲ್ಲದರ ಹೆಸರಿನ ಮುಂದೆಯೂ ಲಂಡನ್ ಇದೆ. ತುಮಕೂರಿನಲ್ಲಿ ಇಳಿಸಿ ಬೆಂಗಳೂರು ಬಂತು ಎಂದಂತೆಯೇ ಇದು. 2008ರ ಮೇ ತಿಂಗಳಲ್ಲಿ ವಿಮಾನಗಳು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದಾಗ, ಜಯನಗರದಿಂದ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ ಎಂದು ನಾವು ಗೊಣಗಿದ್ದು ನೆನಪಿದೆ. ಸ್ಟ್ಯಾನ್‌ಸ್ಟೆಡ್ ಅದಕ್ಕಿಂತಲೂ ದೂರ. ಯುರೋಪಿನ ಬೇರೆ ಕಡೆಯೂ ಇದೇ ಕಥೆ. ಪ್ಯಾರಿಸ್ ಹೆಸರಿನ ಬೋವೆ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 85 ಕಿಲೋಮೀಟರ್, ಸ್ಟಾಕ್‌ಹೋಮ್ ಹೆಸರಿನ ಸ್ಕಾವ್‌ಸ್ಟಾ ಸುಮಾರು 100. ಫ್ರಾಂಕ್‌ಫರ್ಟ್ ಹೆಸರಿನ ಹಾನ್ ಸುಮಾರು 120 ಕಿಲೋಮೀಟರ್. ಶ್ರೀರಂಗಪಟ್ಟಣದಲ್ಲಿ ಇಳಿದು ಬೆಂಗಳೂರು ಎಂದುಕೊಳ್ಳಬೇಕು.

ಹಾಗೆಂದು ಇದನ್ನೆಲ್ಲ ಮೋಸ ಎನ್ನುವುದು ತಪ್ಪಾಗುತ್ತದೆ. ದರ ಕಡಿಮೆ ಇರುವುದಕ್ಕೆ ಕಾರಣಗಳಿವೆ. ಹೀಥ್ರೂನಲ್ಲಿ ಇರುವುದು ಎರಡೇ ರನ್‌ವೇ. ವರ್ಷಕ್ಕೆ 4,80,000 ವಿಮಾನಗಳ ಏರಿಳಿತದ ಮಿತಿ ಇದೆ, ಹೆಚ್ಚುಕಡಿಮೆ ಅಷ್ಟೂ ತುಂಬಿರುತ್ತದೆ. ಅಲ್ಲಿ ಇಳಿಯುವ ಹೊತ್ತಿಗೇ ಬೆಲೆ. ದೂರದ ನಿಲ್ದಾಣಗಳಲ್ಲಿ ಶುಲ್ಕ ಕಡಿಮೆ, ದಟ್ಟಣೆಯೂ ಕಡಿಮೆ. ಬಂದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಹಾರುತ್ತದೆ, ಒಂದೇ ವಿಮಾನ ದಿನಕ್ಕೆ ಹೆಚ್ಚು ಸುತ್ತು ಹೊಡೆಯುತ್ತದೆ. ಯುರೋಪಿನ ವಾಯುಯಾನ ಮಾರುಕಟ್ಟೆ 1990ರ ದಶಕದಲ್ಲಿ ಮುಕ್ತವಾದ ಮೇಲೆ ಈ ವ್ಯವಸ್ಥೆ ಬೆಳೆಯಿತು. ಇದರಿಂದಾಗಿಯೇ ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಹಾಕಿಕೊಂಡು ಲಂಡನ್, ರೋಮ್ ನೋಡಿ ಬರುತ್ತಿದ್ದಾರೆ. ಅವರಿಗೆ ಆ ಟಿಕೆಟ್ ಇಲ್ಲದಿದ್ದರೆ ಪ್ರಯಾಣವೇ ಇಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ.

ನಮ್ಮ ಮನೆಯ ಲೆಕ್ಕ ತಪ್ಪಿದ್ದು ಹೇಗೆ ಎಂದು ಹೇಳುತ್ತೇವೆ. ಹೊರಟವರು ನಾವಿಬ್ಬರು, ಎಪ್ಪತ್ತು ದಾಟಿದ ತಾಯಿ, ಒಂಬತ್ತು ವರ್ಷದ ಮಗ. ಹೀಥ್ರೂಗೆ ಹೋಲಿಸಿದರೆ ಸ್ಟ್ಯಾನ್‌ಸ್ಟೆಡ್ ಟಿಕೆಟ್‌ನಲ್ಲಿ ನಾಲ್ವರಿಗೂ ಸೇರಿ ಹೋಗಿ ಬರಲು 280 ಯೂರೊ ಉಳಿತಾಯ ಕಂಡಿತು. ಟಿಕೆಟ್ ಕಾದಿರಿಸಿದ ಮೇಲೆ, ಸೀಟಿನ ಕೆಳಗೆ ಹಿಡಿಯುವ ಪುಟ್ಟ ಚೀಲ ಮಾತ್ರ ಉಚಿತ ಎಂದು ತಿಳಿಯಿತು. ಎರಡು ಕೈ ಸೂಟ್‌ಕೇಸುಗಳಿಗೆ ಎರಡೂ ದಾರಿಗೆ ಸೇರಿ 110 ಯೂರೊ. ಹೀಥ್ರೂ ಟಿಕೆಟ್‌ನಲ್ಲಿ ಅದು ಸೇರಿಯೇ ಇತ್ತು. ಮುಂದಿನದು ರೈಲು. ಹೀಥ್ರೂನಿಂದ ಪಿಕಡಿಲಿ ಮಾರ್ಗದ ಸುರಂಗ ರೈಲಿನಲ್ಲಿ ದೊಡ್ಡವರಿಗೆ ತಲಾ ಸುಮಾರು 6 ಪೌಂಡ್ ಸಾಕು, ಹನ್ನೊಂದು ತುಂಬದ ಮಕ್ಕಳು ದೊಡ್ಡವರ ಜೊತೆ ಉಚಿತವಾಗಿ ಹೋಗಬಹುದು. ಸ್ಟ್ಯಾನ್‌ಸ್ಟೆಡ್‌ನಿಂದ ಲಿವರ್‌ಪೂಲ್ ಸ್ಟ್ರೀಟ್‌ಗೆ ಬರುವ ರೈಲಿಗೆ ಅವತ್ತೇ ಟಿಕೆಟ್ ಕೊಂಡರೆ ಒಬ್ಬರಿಗೆ ಒಂದು ದಾರಿಗೆ 20 ಪೌಂಡ್ ಮೀರುತ್ತದೆ. ಎರಡರ ವ್ಯತ್ಯಾಸ ನಮಗೆ 140 ಯೂರೊ ಬಿತ್ತು. ಮೊದಲೇ ಕಾದಿರಿಸಿದ್ದರೆ ಸ್ವಲ್ಪ ಕಡಿಮೆಯಾಗುತ್ತಿತ್ತು, ವಿಮಾನ ಹೊತ್ತಿಗೆ ಸರಿಯಾಗಿ ಇಳಿಯುತ್ತದೆಯೋ ಇಲ್ಲವೋ ಎಂಬ ಭಯದಿಂದ ಮಾಡಿರಲಿಲ್ಲ. ಉಳಿದದ್ದು 30 ಯೂರೊ. ತಡರಾತ್ರಿ ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಇಳಿದಾಗ ತಾಯಿಗೆ ಇನ್ನೊಂದು ರೈಲು ಹತ್ತಿ ಇಳಿಯುವ ಶಕ್ತಿ ಇರಲಿಲ್ಲ. ಟ್ಯಾಕ್ಸಿಗೆ ಕೊಟ್ಟದ್ದು 35 ಯೂರೊ. ಅಲ್ಲಿಗೆ 280 ಯೂರೊ ಉಳಿತಾಯ ಹೋಗಿ 5 ಯೂರೊ ನಷ್ಟವಾಯಿತು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ದರ ಕಡಿಮೆ ಇರುವ ವಿಮಾನದ ಹೊತ್ತೂ ಯಾರಿಗೂ ಬೇಡದ ಹೊತ್ತೇ. ನಾವು ಇಳಿದದ್ದು ರಾತ್ರಿ ಹತ್ತೂವರೆಗೆ. ಪಾಸ್‌ಪೋರ್ಟ್ ಸರತಿ, ರೈಲು, ಟ್ಯಾಕ್ಸಿ ಎಲ್ಲ ಮುಗಿದು ರೂಮಿಗೆ ಬಂದಾಗ ಒಂದು ಗಂಟೆ ಮೀರಿತ್ತು. ವಾಪಸ್ ಹೊರಡುವ ವಿಮಾನ ಬೆಳಗಿನ ಆರೂವರೆಗೆ. ಅಂದರೆ ಮೂರು ಗಂಟೆಗೇ ರೂಮು ಬಿಡಬೇಕು. ಮಧ್ಯರಾತ್ರಿ ದಾಟಿದ ಮೇಲೆ ಆ ಮಾರ್ಗದಲ್ಲಿ ಕೆಲವು ಗಂಟೆ ರೈಲಿಲ್ಲ, ಬಸ್ಸೇ ಗತಿ. ಇಡೀ ದಾರಿ ಕೇಳುತ್ತಲೇ ಇದ್ದೆವು. ತಾಯಿ ಹೇಳಿದ್ದು ಒಂದೇ ಮಾತು: "ನನಗೇನೂ ಆಗಿಲ್ಲಪ್ಪ, ನೀವು ಮಗೂನ ನೋಡ್ಕೊಳ್ಳಿ."

ಅವರು ಲಂಡನ್ನಿಗೆ ಬರಲು ಒಪ್ಪಿದ್ದು ಒಂದೇ ಕಾರಣಕ್ಕೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರಿನಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು. ಮೊದಲ ದಿನ ಕಾಲು ಊದಿಕೊಂಡು ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಎರಡನೆಯ ದಿನ ಮಳೆ. ಮೂರನೆಯ ದಿನ, ನಸುಕಿನ ವಿಮಾನಕ್ಕೆ ಎದ್ದಿರಬೇಕಲ್ಲ ಎಂದು ಸಂಜೆಯೇ ಮಲಗಿಬಿಟ್ಟರು. ಪ್ರತಿಮೆ ನೋಡುವುದು ಉಳಿದೇ ಹೋಯಿತು. ಅವರ ವೀಸಾಕ್ಕೆಂದು ಅರ್ಜಿ ತುಂಬಿ, ಶುಲ್ಕ ಕಟ್ಟಿ, ಬೆರಳಚ್ಚು ಕೊಡಿಸಿ ವಾರಗಟ್ಟಲೆ ಕಾದಿದ್ದೆವು. ಅಷ್ಟೆಲ್ಲ ಮಾಡಿದ್ದು ಯಾವುದಕ್ಕೋ ಅದನ್ನೇ ಕಳೆದುಕೊಂಡು ಬಂದೆವು.

ಬಿ.ಕಾಂ. ಮೊದಲ ವರ್ಷದಲ್ಲೇ ಕಲಿಸುವ ಪಾಠವೊಂದಿದೆ: ಪ್ರತಿ ಜಮಾಕ್ಕೂ ಎಲ್ಲೋ ಒಂದು ಕಡೆ ಖರ್ಚು ಬರೆದಿರಲೇಬೇಕು. ಟಿಕೆಟ್ ಕೊಳ್ಳುವಾಗ ಉಳಿತಾಯವನ್ನು ನಮ್ಮ ಖಾತೆಗೆ ಜಮಾ ಮಾಡಿಕೊಂಡೆವು. ಖರ್ಚನ್ನು ತಾಯಿಯ ಮೊಣಕಾಲಿನ ಖಾತೆಗೆ ಬರೆದೆವು, ಅವರನ್ನು ಕೇಳಲಿಲ್ಲ. ಸಾಮಾನ್ಯವಾಗಿ ಆಗುವುದೇ ಹೀಗೆ. ಟಿಕೆಟ್ ಆರಿಸುವವರು ಮನೆಯಲ್ಲಿ ಗಟ್ಟಿಯಾಗಿರುವವರು. ದೂರದ ನಿಲ್ದಾಣದ ಭಾರ ಹೊರುವವರು ವಯಸ್ಸಾದವರು, ಎಳೆಯ ಮಕ್ಕಳು, ಮಗುವನ್ನು ಎತ್ತಿಕೊಂಡ ತಾಯಂದಿರು. ನಮ್ಮ ಹಿರಿಯರಂತೂ ಕಷ್ಟವಾಯಿತು ಎಂದು ಬಾಯಿಬಿಟ್ಟು ಹೇಳುವವರಲ್ಲ. ಮಕ್ಕಳಿಗೆ ಖರ್ಚು ಹೆಚ್ಚಾದೀತೆಂದು, ಕೇಳಿದರೂ ಅಗ್ಗದ್ದೇ ಇರಲಿ ಎನ್ನುತ್ತಾರೆ. ಅವರ ಪರವಾಗಿ ಲೆಕ್ಕ ಹಾಕುವ ಹೊಣೆ ನಮ್ಮದೇ.

ಹೀಗೆ ಮೌನವಾಗಿ ಖರ್ಚು ಹೊರುವವರು ಇನ್ನೊಬ್ಬರಿದ್ದಾರೆ. ಅವರು ಲಂಡನ್ನಿನಲ್ಲಿರುವ ನೆಂಟರು, ಸ್ನೇಹಿತರು. ಸ್ಟ್ಯಾನ್‌ಸ್ಟೆಡ್‌ಗೆ ರಾತ್ರಿ ಹನ್ನೊಂದಕ್ಕೆ ಬರುತ್ತೇವೆ ಎಂದರೆ "ಟ್ಯಾಕ್ಸಿ ಯಾಕೆ, ನಾನೇ ಬರ್ತೀನಿ" ಎನ್ನುವುದು ನಮ್ಮವರ ರೂಢಿ. ಲಂಡನ್ನಿನ ಪಶ್ಚಿಮದಲ್ಲಿರುವವರಿಗೆ ಅದು ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ಬ್ರಿಟನ್ನಿನ ಅನೇಕ ನಿಲ್ದಾಣಗಳಲ್ಲಿ ಬಾಗಿಲ ಬಳಿ ಕೆಲವೇ ನಿಮಿಷ ಕಾರು ನಿಲ್ಲಿಸಿ ಇಳಿಸಿದರೂ ಶುಲ್ಕವಿದೆ. ಮರುದಿನ ಅವರು ಕೆಲಸಕ್ಕೆ ಹೋಗಬೇಕು. ನಾವು ಉಳಿಸಿದೆವು ಎಂದುಕೊಂಡ ಹಣದಲ್ಲಿ ಅವರ ಪೆಟ್ರೋಲು, ಅವರ ನಿದ್ದೆ ಎರಡೂ ಸೇರಿರುತ್ತವೆ.

ಆದರೆ ದೂರದ ನಿಲ್ದಾಣ ಎಂಬುದು ಎಲ್ಲರಿಗೂ ದೂರವೇ ಆಗಬೇಕಿಲ್ಲ. ನಾವು ಹೋಗುವುದು ಮಧ್ಯ ಲಂಡನ್ನಿಗೋ ನೆಂಟರ ಮನೆಗೋ ಎಂಬುದು ಮುಖ್ಯ. ಸ್ಲೌ, ಹೌನ್ಸ್‌ಲೋ, ರೆಡಿಂಗ್ ಕಡೆಯವರಿಗೆ ಹೀಥ್ರೂ ಹತ್ತಿರ. ಕ್ರಾಯ್ಡನ್‌ನವರಿಗೆ ಗ್ಯಾಟ್‌ವಿಕ್, ಮಿಲ್ಟನ್ ಕೀನ್ಸ್‌ನವರಿಗೆ ಲೂಟನ್ ಅನುಕೂಲ. ಕೇಂಬ್ರಿಜ್‌ನಲ್ಲಿ ಮಗಳು ಓದುತ್ತಿದ್ದರೆ ಸ್ಟ್ಯಾನ್‌ಸ್ಟೆಡ್‌ನಿಂದ ಅಲ್ಲಿಗೆ ನೇರ ರೈಲಿದೆ, ಅಂಥವರು ಹೀಥ್ರೂಗೆ ಹೆಚ್ಚು ಹಣ ಕೊಟ್ಟು ಇಳಿಯುವುದೇ ದಂಡ. ಹೀಥ್ರೂನಲ್ಲಿ ಇಳಿದರೂ ಪ್ಯಾಡಿಂಗ್ಟನ್‌ಗೆ ಹದಿನೈದು ನಿಮಿಷದಲ್ಲಿ ಹೋಗುವ ಎಕ್ಸ್‌ಪ್ರೆಸ್ ರೈಲನ್ನು ಯೋಚಿಸದೆ ಹತ್ತಿದರೆ ಒಬ್ಬರಿಗೆ ಸುಮಾರು 25 ಪೌಂಡ್ ಹೋಗುತ್ತದೆ. 2022ರಲ್ಲಿ ಶುರುವಾದ ಎಲಿಜಬೆತ್ ಮಾರ್ಗದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ಹಣಕ್ಕೆ ನಗರದ ಮಧ್ಯಕ್ಕೇ ಹೋಗಬಹುದು, ಮೆಟ್ಟಿಲು ಹತ್ತಲಾಗದವರಿಗೆ ಅಲ್ಲಿ ಲಿಫ್ಟ್ ಸೌಕರ್ಯವೂ ಚೆನ್ನಾಗಿದೆ. ಅಗ್ಗದ ಟಿಕೆಟ್ ಕೊಂಡರೂ ದುಬಾರಿ ಟಿಕೆಟ್ ಕೊಂಡರೂ ಲೆಕ್ಕ ಹಾಕದಿದ್ದರೆ ನಷ್ಟವೇ.

ಭಾರತೀಯ ಪಾಸ್‌ಪೋರ್ಟ್ ಇರುವ ನಾವು ಇನ್ನೂ ಎರಡು ಸಂಗತಿ ನೆನಪಿಡಬೇಕು. ಐರೋಪ್ಯ ಪಾಸ್‌ಪೋರ್ಟ್ ಇಲ್ಲದವರು ಕೆಲವು ಕಡಿಮೆ ದರದ ವಿಮಾನಗಳಲ್ಲಿ ಹತ್ತುವ ಮೊದಲು ಕೌಂಟರಿಗೆ ಹೋಗಿ ವೀಸಾ ತೋರಿಸಿ ಪರಿಶೀಲನೆ ಮಾಡಿಸಿಕೊಳ್ಳಬೇಕು. ಮೊಬೈಲಿನಲ್ಲಿ ಬೋರ್ಡಿಂಗ್ ಪಾಸ್ ಇದೆ ಎಂದು ನೇರವಾಗಿ ಗೇಟಿಗೆ ಹೋದರೆ ಅಲ್ಲಿಂದ ವಾಪಸ್ ಕಳಿಸುತ್ತಾರೆ. ಎರಡನೆಯದು ಇನ್ನೂ ಗಂಭೀರ. ಬೆಂಗಳೂರಿನಿಂದ ತಂದೆ ತಾಯಿಯನ್ನು ಹೀಥ್ರೂ ತನಕ ಒಂದು ಟಿಕೆಟ್‌ನಲ್ಲಿ ಕರೆಸಿ, ಅಲ್ಲಿಂದ ಸ್ಟ್ಯಾನ್‌ಸ್ಟೆಡ್‌ಗೆ ಹೋಗಿ ಇನ್ನೊಂದು ಅಗ್ಗದ ವಿಮಾನ ಹಿಡಿಯುವಂತೆ ಯೋಜನೆ ಹಾಕುವವರಿದ್ದಾರೆ. ಎರಡು ನಿಲ್ದಾಣಗಳ ನಡುವೆ ರಸ್ತೆಯಲ್ಲಿ 100 ಕಿಲೋಮೀಟರ್ ದಾರಿ. ವಲಸೆ ತಪಾಸಣೆ ದಾಟಿ ಹೊರಬರಬೇಕಾದ್ದರಿಂದ ಸಾಮಾನ್ಯವಾಗಿ ಅದಕ್ಕೆ ತಕ್ಕ ಬ್ರಿಟಿಷ್ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಟಿಕೆಟ್ ಬೇರೆ ಬೇರೆಯಾದ್ದರಿಂದ ಯಾವ ಸಂಸ್ಥೆಯೂ ಹೊಣೆ ಹೊರುವುದಿಲ್ಲ. ಇಂಗ್ಲಿಷ್ ಬಾರದ ಹಿರಿಯರು ಒಬ್ಬರೇ ಬರುತ್ತಿದ್ದರೆ ಈ ಉಳಿತಾಯದ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಹಿರಿಯರಿಗೆ ಇರುವ ಸೌಲಭ್ಯವನ್ನೂ ನಾವು ಸರಿಯಾಗಿ ಬಳಸುತ್ತಿಲ್ಲ. ಐರೋಪ್ಯ ಒಕ್ಕೂಟದಲ್ಲೂ ಬ್ರಿಟನ್ನಿನಲ್ಲೂ ನಡೆಯಲು ಕಷ್ಟವಿರುವ ಪ್ರಯಾಣಿಕರಿಗೆ ವೀಲ್‌ಚೇರ್ ನೆರವನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಇದೆ. ಅಗ್ಗದ ಟಿಕೆಟ್‌ಗೂ ಅದು ಅನ್ವಯಿಸುತ್ತದೆ. 48 ಗಂಟೆ ಮೊದಲು ವಿಮಾನ ಸಂಸ್ಥೆಗೆ ತಿಳಿಸಿದರೆ ಸಾಕು. ಆದರೆ ಆ ನೆರವು ನಿಲ್ದಾಣದೊಳಗೆ ಮಾತ್ರ. ಹೊರಗಿನ ರೈಲಿಗೆ ಬೇರೆಯಾಗಿ ಕೇಳಿಕೊಳ್ಳಬೇಕು, ಬಸ್ಸು ಹತ್ತಿ ಇಳಿಸುವುದು ನಮ್ಮ ಕೆಲಸ. ನಿಲ್ದಾಣ ದೂರವಾದಷ್ಟೂ ನೆರವಿಲ್ಲದ ದಾರಿ ಉದ್ದವಾಗುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಯೋಚಿಸಬೇಕು.

ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ಹಣ ಕಟ್ಟುವ ಮೊದಲು ಒಂದು ಹಾಳೆಯಲ್ಲಿ ಎರಡು ಕಲಂ ಹಾಕಿ, ನಮ್ಮ ಮನೆ ಬಾಗಿಲಿನಿಂದ ಹೋಗಿ ಸೇರುವ ಮನೆಯ ಬಾಗಿಲಿನವರೆಗೆ ಆಗುವ ಎಲ್ಲ ಖರ್ಚನ್ನೂ ಬರೆಯೋಣ. ಟಿಕೆಟ್, ಲಗೇಜು, ಎರಡೂ ಕಡೆಯ ರೈಲು ಅಥವಾ ಬಸ್ಸು, ರಾತ್ರಿ ಹೊತ್ತಾದರೆ ಟ್ಯಾಕ್ಸಿ. ಬ್ರಿಟನ್ನಿನಲ್ಲಿ ವಾರಾಂತ್ಯದಲ್ಲಿ ಹಳಿ ದುರಸ್ತಿಗೆಂದು ರೈಲು ನಿಲ್ಲಿಸಿ ಬಸ್ಸು ಬಿಡುವುದುಂಟು, ಅದನ್ನೂ ನೋಡಿಕೊಳ್ಳೋಣ. ಕೊನೆಯ ಸಾಲಿನಲ್ಲಿ ಒಂದೇ ಪ್ರಶ್ನೆ ಇರಲಿ: ಈ ಪ್ರಯಾಣದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು, ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ? ಅದಕ್ಕೆ ಸಮಾಧಾನದ ಉತ್ತರ ಸಿಕ್ಕರೆ ಅಗ್ಗದ ಟಿಕೆಟ್ಟನ್ನೇ ಧೈರ್ಯವಾಗಿ ಕೊಳ್ಳಬಹುದು.

ಕನ್ನಡ ಸಂಘಗಳಿಗೂ ಒಂದು ವಿನಂತಿ. ಯುಗಾದಿ, ರಾಜ್ಯೋತ್ಸವಗಳಿಗೆ ಬೇರೆ ಬೇರೆ ದೇಶಗಳಿಂದ ನಮ್ಮವರು ಬರುತ್ತಾರೆ. ಆಹ್ವಾನದಲ್ಲಿ ಸಭಾಂಗಣದ ವಿಳಾಸದ ಜೊತೆಗೆ, ಅಲ್ಲಿಗೆ ಯಾವ ವಿಮಾನ ನಿಲ್ದಾಣ ಹತ್ತಿರ, ಕಾರ್ಯಕ್ರಮ ಮುಗಿದ ಮೇಲೆ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ಎರಡು ಸಾಲು ಸೇರಿಸಿದರೆ ಬಹಳ ಮಂದಿಗೆ ಉಪಕಾರವಾಗುತ್ತದೆ. ಊಟದ ಪಟ್ಟಿಯನ್ನು ಅಷ್ಟು ಅಕ್ಕರೆಯಿಂದ ಅಚ್ಚು ಹಾಕಿಸುವವರಿಗೆ ಇದೇನೂ ಕಷ್ಟವಲ್ಲ.

ನಮ್ಮ ತಂದೆ ತಾಯಿಯರು ಹೊರದೇಶಕ್ಕೆ ಬರುವುದು ವರ್ಷ ವರ್ಷವೂ ಆಗುವ ಕೆಲಸವಲ್ಲ. ಬಂದಾಗಲೂ ಅವರಿಗಿರುವುದು ವೀಸಾದ ದಿನಗಳಷ್ಟೇ, ಅದರಲ್ಲಿ ಕಾಲು ಗಟ್ಟಿಯಾಗಿರುವ ದಿನಗಳು ಇನ್ನೂ ಕಡಿಮೆ. ಮುಂದಿನ ಸಲ ತಾಯಿ ಬಂದಾಗ ನಾವು ಹೀಥ್ರೂಗೇ ಟಿಕೆಟ್ ತೆಗೆಯುತ್ತೇವೆ, ಅದೂ ಹಗಲು ಹೊತ್ತಿನ ವಿಮಾನಕ್ಕೆ. ಮರುದಿನ ಬೆಳಿಗ್ಗೆ ಮೊದಲು ಹೋಗುವುದು ಥೇಮ್ಸ್ ದಂಡೆಗೆ.