ಹೊಳೆಯ ಹುಟ್ಟನ್ನು ಕಾಯ್ದವರು

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂಬುದು ಹಿರಿಯರ ಮಾತು. ಹುಡುಕಿ ಹೋದವನಿಗೆ ನಿರಾಶೆಯಾದೀತೆಂಬುದು ಅದರ ಇಂಗಿತವಿರಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಮಿನೆಸೋಟ ರಾಜ್ಯದಲ್ಲಿ ಇಟಾಸ್ಕಾ ಎಂಬ ಸರೋವರದ ಉತ್ತರದ ಅಂಚಿಗೆ ಹೋಗಿ ನಿಂತವರಿಗೆ ಈ ಮಾತು ಅರೆಕ್ಷಣ ನಿಜವೆನಿಸುತ್ತದೆ. ಸುಮಾರು 3,700 ಕಿಲೋಮೀಟರು ಹರಿದು ಮೆಕ್ಸಿಕೊ ಕೊಲ್ಲಿಯನ್ನು ಸೇರುವ ಮಿಸ್ಸಿಸ್ಸಿಪ್ಪಿ ಮಹಾನದಿಯು ಅಲ್ಲಿ ಒಂದು ಪುಟ್ಟ ತೊರೆ ಮಾತ್ರ. ಅಗಲ 20-30 ಅಡಿ. ಆಳ ಹೆಚ್ಚೆಂದರೆ ಮೊಳಕಾಲುದ್ದ. ಸರೋವರದ ಬಾಯಿಗೆ ಅಡ್ಡಲಾಗಿರುವ ಬಂಡೆಗಳ ಸಾಲಿನ ಮೇಲೆ ತಂದೆಯ ಬೆರಳು ಹಿಡಿದು ಮಗುವೂ ಅದನ್ನು ದಾಟಿಬಿಡುತ್ತದೆ. ಹಾಗೆ ಆ ಮಗುವಿನ ಪಾದವನ್ನು ತೋಯಿಸಿ ಹೊರಟ ನೀರಿಗೆ ಕಡಲನ್ನು ಮುಟ್ಟಲು ಸುಮಾರು 90 ದಿನಗಳು ಬೇಕು.

ಈ ನೆಲೆಯನ್ನು ಒಳಗೊಂಡ ಇಟಾಸ್ಕಾ ರಾಜ್ಯ ಉದ್ಯಾನವು 1891ರಲ್ಲಿ ಸ್ಥಾಪಿತವಾಯಿತು. 32,000 ಎಕರೆಗೂ ಮಿಗಿಲಾದ ವಿಸ್ತಾರ; ಅದರೊಳಗೆ ನೂರಕ್ಕೂ ಹೆಚ್ಚು ಕೆರೆಗಳು. ವಾಹನದಿಂದಿಳಿದು ನಡೆಯಬಯಸುವವರಿಗಾಗಿ ಕಾಡಿನ ನಡುವೆ ಹತ್ತಾರು ಮೈಲಿಗಳ ಕಾಲುದಾರಿಗಳಿವೆ. ಸರೋವರದ ದಂಡೆಗುಂಟ ಸಾಗುವ ದಾರಿಯಲ್ಲಿ ಇನ್ನೂರು ವರ್ಷ ಮೀರಿದ ಕೆಂಪು ಪೈನ್ ಮರಗಳ ತೋಪುಗಳು ಸಿಗುತ್ತವೆ. ಅವುಗಳ ಬುಡದಲ್ಲಿ ನಿಂತು ತಲೆಯೆತ್ತಿದವನಿಗೆ ಮೊದಲು ಕಾಣುವುದು ಕೆಂಪು ತೊಗಟೆಯ ನೇರ ಕಂಬಗಳು. ಹಸಿರು ಬಹಳ ಮೇಲೆ. ಬೇಸಗೆಯ ಆರಂಭದಲ್ಲಿ ಸೊಳ್ಳೆ, ಉಣ್ಣೆಗಳ ಕಾಟವುಂಟು. ಆದರೂ ಯಾತ್ರಿಕರು ಬರುತ್ತಾರೆ. ಬಂದವರು ತೊರೆಯನ್ನು ದಾಟಿ ಭಾವಚಿತ್ರ ತೆಗೆಸಿಕೊಂಡು ಸಂತುಷ್ಟರಾಗಿ ಮರಳುತ್ತಾರೆ.

ಅಷ್ಟರಿಂದಲೇ ಆ ಯಾತ್ರೆ ಪೂರ್ಣವಾಯಿತೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಆ ಬಂಡೆಗಳ ಹಿಂದೆ ಒಂದು ಶತಮಾನಕ್ಕೂ ಮಿಕ್ಕಿದ ಕಾವಲಿನ ಕಥೆಯಿದೆ. ಅದನ್ನರಿಯದೆ ದಾಟಿದವನು ನೀರನ್ನಷ್ಟೆ ದಾಟಿದನೆಂದು ಹೇಳಬೇಕಾಗುತ್ತದೆ.

ಆ ಕಥೆ ಹೆಸರಿನಿಂದಲೇ ಮೊದಲಾಗುತ್ತದೆ. ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬಾತನು 1832ರಲ್ಲಿ ಈ ಸರೋವರವನ್ನು ತಲಪಿ, ಇದೇ ನದಿಯ ಮೂಲವೆಂದು ಸಾರಿದನು. ಲ್ಯಾಟಿನ್ ಭಾಷೆಯ 'ವೆರಿಟಾಸ್' ಅಂದರೆ ಸತ್ಯ, 'ಕಾಪುಟ್' ಅಂದರೆ ಶಿರಸ್ಸು. ಎರಡನ್ನೂ ಕೂಡಿಸಿ, ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಕಳೆದು 'ಇಟಾಸ್ಕಾ' ಎಂಬ ಪದವನ್ನು ಕಟ್ಟಲಾಯಿತು. ಆದರೆ ಆತನನ್ನು ಅಲ್ಲಿಗೆ ಕರೆದೊಯ್ದವನು ಓಜಾವಿಂಡಿಬ್ ಎಂಬ ಒಜಿಬ್ವೆ ಜನಾಂಗದ ಮುಖಂಡ. ಆ ಜನರಿಗೆ ಸರೋವರ ಮೊದಲೇ ಗೊತ್ತಿತ್ತು; ಅವರ ಮಾತಿನಲ್ಲಿ ಅದಕ್ಕೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಹೆಸರೂ ಇತ್ತು. ದಾರಿ ತೋರಿದವನನ್ನು ಮರೆತು, ಅವನ ಹಿಂದೆ ನಡೆದು ಬಂದವನನ್ನು 'ಕಂಡುಹಿಡಿದವನು' ಎಂದು ಕರೆಯುವುದು ಚರಿತ್ರೆಯ ಹಳೆಯ ರೂಢಿ. ಆ ರೂಢಿಯನ್ನು ತಿದ್ದುವುದು ಉಪಾಧ್ಯಾಯರ ಕರ್ತವ್ಯಗಳಲ್ಲೊಂದು.

ಅನಂತರದ ದಶಕಗಳಲ್ಲಿ ಮರದ ವ್ಯಾಪಾರ ಬೆಳೆಯಿತು. ಮಿನೆಸೋಟದ ಪೈನ್ ಕಾಡುಗಳು ಗರಗಸಕ್ಕೆ ಬಲಿಯಾಗತೊಡಗಿದವು. ನದಿಯ ನಿಜವಾದ ಮೂಲ ಯಾವುದೆಂಬ ವಾದವೆದ್ದಾಗ ಅದನ್ನು ಬಗೆಹರಿಸುವುದಕ್ಕಾಗಿ ಅಳತೆ ಮಾಡಲು ಬಂದ ಜೇಕಬ್ ಬ್ರೋವರನು ನೀರಿನ ಜತೆಗೆ ಈ ಅಪಾಯವನ್ನೂ ಅಳೆದನು. ಈ ಕಾಡನ್ನು ಉಳಿಸಬೇಕೆಂದು ಆತನು ಹೋರಾಡಿದ ಫಲವಾಗಿ ಉದ್ಯಾನದ ಮಸೂದೆ ಶಾಸನಸಭೆಯ ಮುಂದೆ ಬಂದು, ಒಂದೇ ಒಂದು ಮತದ ಅಂತರದಿಂದ ಅಂಗೀಕೃತವಾಯಿತು. ಆ ಒಂದು ಮತ ಆಚೆಗೆ ಹೋಗಿದ್ದರೆ ಇಂದಿನ ತೋಪುಗಳು ಎಂದೋ ಹಲಗೆಗಳಾಗಿ ಹೋಗಿರುತ್ತಿದ್ದವು.

ಕಾನೂನೇನೋ ಆಯಿತು. ಆದರೆ ಕಾಗದದ ಮೇಲೆ ಎಳೆದ ಗೆರೆಗೆ ಕೊಡಲಿ ಹೆದರುವುದಿಲ್ಲ. ಗಡಿಯೊಳಗಿನ ಬಹಳಷ್ಟು ನೆಲವು ರೈಲ್ವೆಯವರ, ಮರದ ವ್ಯಾಪಾರಿಗಳ ಒಡೆತನದಲ್ಲೇ ಇತ್ತು. ಅದನ್ನು ಕೊಳ್ಳಲು ಬೇಕಾದ ಹಣವನ್ನು ಶಾಸನಸಭೆ ಒದಗಿಸಲಿಲ್ಲ. 1903ರಲ್ಲಿ ಉದ್ಯಾನದ ಅಧಿಕಾರಿ ತೀರಿಕೊಂಡಾಗ ಅವರ ಮಗಳು, 24 ವರ್ಷದ ಮೇರಿ ಗಿಬ್ಸ್, ಆ ಹುದ್ದೆಗೆ ನೇಮಕಗೊಂಡಳು. ಆಗ ದಿಮ್ಮಿಗಳನ್ನು ತೇಲಿಸಲೆಂದು ಕಟ್ಟಿದ ಒಡ್ಡಿನಿಂದ ಸರೋವರದ ನೀರು ಏರಿ ದಂಡೆಯ ಮರಗಳನ್ನು ಮುಳುಗಿಸುತ್ತಿತ್ತು. ಒಡ್ಡಿನ ಬಾಗಿಲುಗಳನ್ನು ತೆರೆಸಲು ಆಕೆ ಅಲ್ಲಿಗೆ ಹೋದಾಗ ವ್ಯಾಪಾರಿಯ ಕಡೆಯವರು ಬಂದೂಕು ತೋರಿಸಿ ಬೆದರಿಸಿದರು. ಆಕೆ ಹಿಂಜರಿಯಲಿಲ್ಲ. ಆದರೂ ನ್ಯಾಯಾಲಯದ ತಡೆಯಾಜ್ಞೆ ಬಂತು. ಸರ್ಕಾರದ ಬೆಂಬಲ ಸಾಲದಾಯಿತು. ಕೆಲವೇ ತಿಂಗಳುಗಳಲ್ಲಿ ಆಕೆ ಹುದ್ದೆಯನ್ನು ಬಿಟ್ಟಳು. ಮರಗಳನ್ನು ಕಡಿಯುವುದು ಅನಂತರವೂ ಹತ್ತಾರು ವರ್ಷ ಮುಂದುವರಿಯಿತು.

ಹಾಗಾದರೆ ಆಕೆ ಸೋತಳೆ? ಅಂದಿನ ಲೆಕ್ಕದಲ್ಲಿ ಸೋತಳೆಂದೇ ಹೇಳಬೇಕು. ಆದರೆ ನದೀಮೂಲದ ಬಳಿ ಯಾತ್ರಿಕರನ್ನು ಇಂದು ಬರಮಾಡಿಕೊಳ್ಳುವ ಕೇಂದ್ರವು ಆಕೆಯ ಹೆಸರನ್ನೇ ಹೊತ್ತು ನಿಂತಿದೆ. ಒಡ್ಡು ಕಟ್ಟಿಸಿದವರ ಹೆಸರನ್ನು ಅಲ್ಲಿಗೆ ಬರುವ ಯಾವ ಮಗುವೂ ಕೇಳುವುದಿಲ್ಲ.

ಕಾವಲು ಅಲ್ಲಿಗೆ ಮುಗಿಯಲಿಲ್ಲ. ಯಾತ್ರಿಕರು ದಾಟುವ ಬಂಡೆಗಳ ಸಾಲೂ ಪ್ರಕೃತಿ ಇಟ್ಟದ್ದಲ್ಲ. 1930ರ ದಶಕದಲ್ಲಿ, ಕೆಲಸವಿಲ್ಲದ ತರುಣರಿಗಾಗಿ ಅಮೆರಿಕ ಸರ್ಕಾರ ಏರ್ಪಡಿಸಿದ ಸಂರಕ್ಷಣಾ ಕಾರ್ಯದ ಕಾಲದಲ್ಲಿ, ಕೆಸರಾಗಿದ್ದ ದಂಡೆಯನ್ನು ಸರಿಪಡಿಸಿ, ತೊರೆಯ ಪಾತ್ರವನ್ನು ತಿದ್ದಿ, ಕಲ್ಲುಗಳನ್ನು ಜೋಡಿಸಲಾಯಿತು. ಇನ್ನು ಬಿಳಿ ಪೈನಿನ ಸಸಿಗಳನ್ನು ಚಳಿಗಾಲದಲ್ಲಿ ಜಿಂಕೆಗಳು ಮೇಯ್ದುಬಿಡುತ್ತವೆ. ಆದಕಾರಣ ಆ ನಾಡಿನಲ್ಲಿ ಶರತ್ಕಾಲ ಬಂತೆಂದರೆ ಸ್ವಯಂಸೇವಕರು ಸಸಿಯಿಂದ ಸಸಿಗೆ ನಡೆದು, ಪ್ರತಿಯೊಂದರ ತುದಿಮೊಗ್ಗಿಗೂ ಒಂದು ತುಂಡು ಕಾಗದವನ್ನು ಮಡಿಚಿ ಸಿಕ್ಕಿಸುತ್ತಾರೆ. ಸಸಿಯು ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರ ಬೆಳೆಯುವವರೆಗೆ ವರ್ಷ ವರ್ಷವೂ ಈ ಕೆಲಸ ನಡೆಯಬೇಕು. ಅದು ಇನ್ನೂರು ವರ್ಷದ ಮರವಾಗುವುದನ್ನು ಕಾಗದ ಸಿಕ್ಕಿಸಿದವರಲ್ಲಿ ಯಾರೂ ಕಾಣಲಾರರು.

ಇಷ್ಟೊಂದು ಮಂದಿ ಬಂದು ತುಳಿದರೆ ಕಾಡು ಉಳಿದೀತೆ, ಬೇಲಿ ಹಾಕಿ ಬಿಟ್ಟುಬಿಡುವುದೇ ಲೇಸಲ್ಲವೆ ಎಂದು ಕೇಳುವವರುಂಟು. ಅವರ ಆತಂಕ ನಿರಾಧಾರವಾದುದಲ್ಲ. ಜನ ತುಳಿದ ದಂಡೆ ಕುಸಿಯುವುದು ನಿಜ, ಎಸೆದ ಕಸ ಉಳಿಯುವುದೂ ನಿಜ. ಆದರೆ ಯಾರೂ ಕಾಣದ ಕಾಡಿಗೆ ಕಷ್ಟ ಬಂದಾಗ ಅದರ ಪರವಾಗಿ ಮತ ಹಾಕುವವರಾರು? ಕಾಲುದಾರಿಯು ಕಾಡಿಗೆ ಕಾವಲುಗಾರರನ್ನು ತಯಾರುಮಾಡುವ ದಾರಿ. ನಡೆದು ಬಂದವನಿಗೆ ಮಾತ್ರ ನೆಲದ ಮೇಲೆ ಮಮತೆ ಹುಟ್ಟುತ್ತದೆ. ದಾರಿಯನ್ನು ಮಿತಿಯಲ್ಲಿಟ್ಟು, ಅದನ್ನು ಬಿಟ್ಟು ಕದಲದಂತೆ ಬಂದವರಿಗೆ ಕಲಿಸುವುದೇ ಉಚಿತವಾದ ಮಾರ್ಗ.

ಈ ದೃಷ್ಟಿಯಿಂದ ನೋಡಿದಾಗ ಶಾಲೆಗಳ ಶೈಕ್ಷಣಿಕ ಪ್ರವಾಸಗಳು ಮರುವಿಮರ್ಶೆಗೆ ಅರ್ಹವಾಗಿವೆ. ಎರಡು ದಿನಗಳಲ್ಲಿ ಹತ್ತು ಸ್ಥಳಗಳನ್ನು ತೋರಿಸಿ, ಮಕ್ಕಳನ್ನು ಬಸ್ಸಿನಿಂದ ಇಳಿಸಿ ಹತ್ತಿಸುವುದರಲ್ಲೇ ಪ್ರವಾಸ ಮುಗಿಯುತ್ತದೆ. ಅದರ ಬದಲಿಗೆ ಊರ ಹೊಳೆಯೊಂದರ ದಂಡೆಯಲ್ಲಿ ಅರ್ಧ ದಿನ ನಡೆಯಿಸಿ, ಇದನ್ನು ಉಳಿಸಿದವರು ಯಾರು, ಕೆಡಿಸುತ್ತಿರುವವರು ಯಾರು, ಮುಂದೆ ಕಾಯಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇಟಾಸ್ಕಾದ ಕಥೆ ಕಲಿಸುವ ಪಾಠ ಅಲ್ಲೂ ದೊರೆಯುತ್ತದೆ.

ಸಂಸ್ಥೆಗಳನ್ನು ಕಟ್ಟಿದವರಿಗೂ ಅವುಗಳಿಗೆ ನೆರವು ನೀಡಿದವರಿಗೂ ಈ ಪಾಠ ಹೊಸದಲ್ಲ. ಸ್ಥಾಪನೆಯ ದಿನ ಹಾರಗಳಿರುತ್ತವೆ, ಭಾಷಣಗಳಿರುತ್ತವೆ. ಅದರ ಮರುದಿನದಿಂದ ಮೊದಲಾಗುವ ಕಾವಲಿಗೆ ಹಾರವಿಲ್ಲ. ಇಟಾಸ್ಕಾ ಉದ್ಯಾನ 1891ರಲ್ಲಿ ಒಂದು ಮತದಿಂದ ಹುಟ್ಟಿತು. ಉಳಿದದ್ದು ಮಾತ್ರ ಸೋಲನ್ನು ಲೆಕ್ಕಿಸದ ತರುಣಿಯಿಂದ, ಕಲ್ಲು ಹೊತ್ತ ಕೂಲಿಗಳಿಂದ, ಎಳೆಯ ಮೊಗ್ಗಿಗೆ ಕಾಗದ ಮಡಿಚಿದ ಅನಾಮಧೇಯರಿಂದ. ಮುಂದಿನ ಬೇಸಗೆಯಲ್ಲೂ ಒಂದು ಮಗು ಆ ಬಂಡೆಗಳ ಮೇಲೆ ಹೆಜ್ಜೆಯಿಟ್ಟು ಮಹಾನದಿಯನ್ನು ದಾಟುವುದು. ದಾಟಿದ ಮೇಲೆ ಅದು ಒಮ್ಮೆ ಹಿಂತಿರುಗಿ ನೋಡುವಂತೆ ಮಾಡುವುದು ಹಿರಿಯರ ಹೊಣೆ.