ಎಸಿ ತರೋ ಮುಂಚೆ ಮನೆಗೂ ಒಂದ್ಸಲ ಪಾಯಿಂಟ್ ನೋಡ್ಸಿ

ಇವತ್ತು ಬೆಳೆ ವಿಷಯ ಅಲ್ಲ, ಮನೆ ವಿಷಯ. ಸ್ವಲ್ಪ ಉದ್ದ ಐತೆ, ಹೊಲದಿಂದ ಬಂದು ಊಟ ಮಾಡಿದ ಮೇಲೆ ಓದಿ.

ಬಿಳಿಚೋಡಲ್ಲಿ ನಮ್ಮದು ಜೋಡಿ ಮನೆ. ಒಂದು ತಾತನ ಕಾಲದ ಮಾಳಿಗೆ ಮನೆ. ಅದಕ್ಕೆ ಅಂಟಿಕೊಂಡೇ ಹದಿನೈದು ವರ್ಷದ ಹಿಂದೆ ಕಟ್ಟಿದ ಆರ್‌ಸಿಸಿ. ಏಪ್ರಿಲ್ ಬಂತು ಅಂದ್ರೆ ನಮ್ಮವ್ವ ಆರ್‌ಸಿಸಿ ಒಳಗೆ ಮಲಗಲ್ಲ. ಎಂಬತ್ತು ದಾಟಿದ ಜೀವ, ನಡುರಾತ್ರಿ ಎದ್ದು ಹೊರಗೆ ಕಟ್ಟೆ ಮೇಲೆ ಕೂರ್ತಾಳೆ. ಮಗ "ಎಸಿ ಹಾಕ್ಸಿಬಿಡಾಣ" ಅಂದ. ನಮ್ಮಣ್ಣ "ಮಾಳಿಗೆ ಸೋರ್ತೈತೆ, ಕೆಡವಿ ಅಲ್ಲೂ ಮೋಲ್ಡ್ ಹಾಕಾಣ" ಅಂತ ಜೆಸಿಬಿಯವನಿಗೂ ಹೇಳಿಟ್ಟಿದ್ದ.

ಅಷ್ಟರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದೋ ನನ್ನ ತಂಗಿ ಮಗ ಬಂದ. "ಮಾವ, ದುಡ್ಡು ಹಾಕೋ ಮುಂಚೆ ಒಂದ್ಸಲ ಮನೆ ಸ್ಕ್ಯಾನ್ ಮಾಡಾಣ, ಎನರ್ಜಿ ಆಡಿಟ್ ಅಂತಾರೆ" ಅಂದ. ನನಗೆ ನಗು ಬಂತು. ನಮ್ಮ ಜಗಳೂರು ಸೀಮೆಯವರಿಗೆ ಸ್ಕ್ಯಾನ್ ಹೊಸದಲ್ಲ. ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ತೋರಿಸಿದೋರನ್ನ ನೋಡಿದೀವಿ, ಮಿಷನ್ ಇಟ್ಟು ತೋರಿಸಿದೋರನ್ನೂ ನೋಡಿದೀವಿ. ನನ್ನ ಹೊಲದಲ್ಲೇ ಮೂರು ಬೋರು ಧೂಳು ಹಾರಿಸಿ ನಿಂತವೆ. ಅದಕ್ಕೇ ಹೇಳಿದೆ, "ನೀನು ತೋರ್ಸಿದ್ದನ್ನ ನನ್ನ ಕೈ ಮುಟ್ಟಿ ನೋಡಬೇಕು, ಅವಾಗ ನಂಬ್ತೀನಿ."

ಅವನ ಹತ್ರ ಇದ್ದದ್ದು ಎರಡು ಸಾಮಾನು. ಒಂದು, ಲೈಡಾರ್ ಇರೋ ಐಫೋನು. 2020ರಿಂದ ಕೆಲವು ಐಫೋನ್‌ಗಳಲ್ಲಿ ಇದು ಬರ್ತೈತೆ. ಕಣ್ಣಿಗೆ ಕಾಣದ ಬೆಳಕು ಬಿಟ್ಟು ಗೋಡೆ ಎಷ್ಟು ದೂರ ಅಂತ ಅಳಿತೈತೆ. ಕೋಣೆ ಒಳಗೆ ಒಂದು ಸುತ್ತು ಹಾಕಿದ್ರೆ ಉದ್ದ, ಅಗಲ, ಕಿಟಕಿ, ಬಾಗಿಲು ಎಲ್ಲಾ ನಕ್ಷೆ ಆಗ್ತದೆ. ಇನ್ನೊಂದು ಫೋನಿಗೆ ಸಿಗಿಸೋ ಥರ್ಮಲ್ ಕ್ಯಾಮೆರಾ. ಬಿಸಿ ಜಾಗ ಕೆಂಪು ಹಳದಿ, ತಂಪು ಜಾಗ ನೀಲಿ.

ಸಂಜೆ ಏಳು ಗಂಟೆಗೆ ನೋಡಿದ್ವಿ. ಆರ್‌ಸಿಸಿ ಒಳಗಿನ ಸೂರು 41 ಡಿಗ್ರಿ. ಪಕ್ಕದ ಮಾಳಿಗೆಯ ಜಂತೆ 32. ಏಣಿ ಹತ್ತಿ ಎರಡೂ ಕಡೆ ಅಂಗೈ ಇಟ್ಟು ನೋಡಿದೆ. ಸುಳ್ಳಲ್ಲ. ಹಗಲೆಲ್ಲಾ ಕುಡಿದ ಬಿಸಿಲನ್ನ ಮೋಲ್ಡ್ ಕತ್ತಲಾದ ಮೇಲೆ ಕೆಳಗೆ ಬಿಡ್ತೈತೆ. ಫ್ಯಾನ್ ಹಾಕಿದ್ರೆ ಅದೇ ಬಿಸಿ ಗಾಳಿ ತಿರುಗ್ತೈತೆ. ಅವ್ವ ಎದ್ದು ಹೊರಗೆ ಹೋಗೋದು ಸುಮ್ಮನೆ ಅಲ್ಲ.

ಮಿಷನ್ ಮೋಸ ಹೋಗೋದನ್ನೂ ಅವತ್ತು ಮಧ್ಯಾಹ್ನವೇ ಕಂಡಿದ್ದೆ. ದನದ ಕೊಟ್ಟಿಗೆ ಮೇಲಿನ ತಗಡು ಉರಿಬಿಸಿಲಲ್ಲಿ ನೀಲಿ ತೋರಿಸ್ತು! ಕೈ ಇಟ್ರೆ ಬೊಬ್ಬೆ ಬರೋ ಹಂಗಿತ್ತು. ಹೊಳೆಯೋ ತಗಡು ಕನ್ನಡಿ ಇದ್ದಂಗೆ, ಆಕಾಶದ ತಂಪನ್ನ ತೋರಿಸ್ತೈತಂತೆ. ಕರಿ ಇನ್ಸುಲೇಷನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪ್ ಮೇಲೆ ನೋಡಿದಾಗ ನಿಜ ಗೊತ್ತಾಯ್ತು. ಯಾರಾದ್ರೂ ಬಂದು ಬಣ್ಣದ ಫೋಟೊ ತೋರಿಸಿ ಏನಾದ್ರೂ ಮಾರೋಕೆ ನೋಡಿದ್ರೆ ಈ ಮಾತು ನೆನಪಿರಲಿ.

ಆಮೇಲೆ ಲ್ಯಾಪ್‌ಟಾಪಲ್ಲಿ ಮಾಡೆಲ್. ಎನರ್ಜಿಪ್ಲಸ್ ಅಂತ, ಅಮೆರಿಕ ಸರ್ಕಾರದ ಇಂಧನ ಇಲಾಖೆಯದು, ಪುಕ್ಕಟೆ ಸಿಗ್ತೈತೆ. ಮನೆ ಅಳತೆ, ಗೋಡೆ ಯಾವುದು, ಊರಿನ ಬಿಸಿಲು ಎಷ್ಟು ಅಂತ ಕೊಟ್ರೆ, ಹಿಂಗೆ ಮಾಡಿದ್ರೆ ಹಿಂಗಾಗ್ತದೆ ಅಂತ ಲೆಕ್ಕ ಹೇಳ್ತೈತೆ. ಆದ್ರೆ ಮಾಳಿಗೆ ಅಂದ್ರೇನು ಅಂತ ಅದಕ್ಕೆ ಗೊತ್ತಿಲ್ಲ. ಪದರ ಪದರವಾಗಿ ನಾವೇ ತುಂಬಬೇಕು. ಹುಡುಗ ನನ್ನ ಮುಖ ನೋಡಿದ, ನಾನು ಅವ್ವನ ಮುಖ ನೋಡಿದೆ. ಅವ್ವ ಕೂತಲ್ಲೇ ಹೇಳಿದ್ಲು: ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪು, ಮೇಲೆ ಒಂದು ಮೊಳ ಮಣ್ಣು, ಕೊನೆಗೆ ಕರಲು ಮಣ್ಣು. ಅದನ್ನೇ ಬರ್ಕೊಂಡ.

ಮಾಡೆಲ್ ಎರಡು ಮಾತು ಹೇಳ್ತು. ಆರ್‌ಸಿಸಿ ಮೇಲೆ ಬಿಳಿ ಸುಣ್ಣ ಬಳಿದ್ರೆ ಸೂರು ಐದು ಡಿಗ್ರಿ ಇಳಿತೈತೆ. ರಾತ್ರಿ ಎರಡೂ ಕಡೆ ಕಿಟಕಿ ತೆಗೆದಿಟ್ರೆ ಕೋಣೆ ಬೇಗ ಆರ್ತೈತೆ. ಸುಣ್ಣ ಬಳಿಸಿದೆ, ಕೂಲಿ ಸೇರಿ ಎರಡು ಸಾವಿರದ ಒಳಗೆ ಆಯ್ತು. ಇಳಿದಿದ್ದು ನಾಲ್ಕು ಡಿಗ್ರಿ. ಐದು ಅಲ್ಲ, ಆದ್ರೂ ಮೋಸ ಇಲ್ಲ. ಕಿಟಕಿ ವಿಷಯದಲ್ಲಿ ಮಾತ್ರ ಮಾಡೆಲ್ ಎಡವಿತ್ತು, ನಮ್ಮೂರ ಸೊಳ್ಳೆ ಅದಕ್ಕೇನು ಗೊತ್ತು! ಮೆಷ್ ಹೊಡೆಸಿದ ಮೇಲೆ ಕಿಟಕಿ ತೆಗೆದು ಮಲಗೋ ಹಂಗಾಯ್ತು.

ಈಗ ಎಸಿ ಲೆಕ್ಕ ನೋಡಿ. ಒಂದೂವರೆ ಟನ್ ಎಸಿ ಇಂಥಾ ಕಾದ ಸೂರಿನ ಕೆಳಗೆ ಒಂದು ರಾತ್ರಿಗೆ ಎಂಟು ಹತ್ತು ಯೂನಿಟ್ ತಿಂತೈತೆ. ತಿಂಗಳಿಗೆ 240ರಿಂದ 300. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ್ರೆ ದಾಟಿದ್ದಕ್ಕೆ ಅಷ್ಟೇ ಅಲ್ಲ, ಪೂರಾ ಬಿಲ್ ನಾವೇ ಕಟ್ಟಬೇಕು. 200ರ ಒಳಗಿದ್ರೂ ನಮ್ಮ ಹಳೇ ಸರಾಸರಿಗೆ ಶೇ 10 ಸೇರಿಸಿ ಎಷ್ಟಾಗುತ್ತೋ ಅಷ್ಟೇ ಪುಕ್ಕಟೆ. ನಮ್ಮ ಮನೆ ಸರಾಸರಿ 84, ಸಿಗೋದು 92. ಎಸಿ ತಂದಿದ್ರೆ ಸಾಲದ ಕಂತೂ ನಮ್ಮದೇ, ಬಿಲ್ಲೂ ನಮ್ಮದೇ. ಹಳೇ ಫ್ಯಾನ್ 75 ವ್ಯಾಟ್ ಎಳಿತೈತೆ, ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ಅವ್ವನ ಕೋಣೆಗೆ ಅದನ್ನೇ ತಂದೆ.

ನನ್ನ ಅಭಿಪ್ರಾಯ ಇಷ್ಟೇ. ಡ್ರಿಪ್ ಪೈಪ್ ಸೋರ್ತಿದ್ರೆ ನಾವು ಮೊದಲು ಸೋರೋ ಜಾಗ ಹುಡುಕ್ತೀವಿ, ಐದು ಎಚ್‌ಪಿ ಮೋಟರ್ ಕಿತ್ತು ಏಳೂವರೆ ಇಳಿಸಲ್ಲ. ಮನೆಗೆ ಮಾತ್ರ ಯಾಕೆ ಮೊದಲೇ ದೊಡ್ಡ ಮಿಷನ್ ತರ್ತೀವಿ? ಸೋಲಾರ್‌ಗೂ ಇದೇ ಮಾತು. 2024ರಲ್ಲಿ ಬಂದ ಪಿಎಂ ಸೂರ್ಯಘರ್‌ನಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಐತೆ, ಒಳ್ಳೇದೇ. ಆದ್ರೆ ಮನೆಗೆ ಎಷ್ಟು ಬೇಕು ಅಂತ ಮೊದಲು ಅಳೆದ್ರೆ ಮೂರರ ಜಾಗದಲ್ಲಿ ಒಂದು ಸಾಕಾಗಬಹುದು.

2001ರ ಇಂಧನ ಸಂರಕ್ಷಣಾ ಕಾಯ್ದೆ ಪ್ರಕಾರ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಆಡಿಟ್ ಐತೆ. ಸ್ವಾಮಿತ್ವದಲ್ಲಿ ಡ್ರೋನ್ ಹಾರಿಸಿ ಹಳ್ಳಿ ಮನೆ ಜಾಗ ಅಳಿತಾರೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆ ಅಂತಲೇ ನೀತಿ ತಂತು. ಹಳ್ಳಿ ಮನೆ ಒಳಗೆ ಬಂದು ಸೂರಿನ ಬಿಸಿ ಅಳೆಯೋರು ಮಾತ್ರ ಇಲ್ಲ. ಕೃಷಿ ಯಂತ್ರಧಾರೆಯಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಸಿಗೋ ಹಂಗೆ ಪಂಚಾಯ್ತಿಗೊಂದು ಕ್ಯಾಮೆರಾ, ಅದನ್ನ ಹಿಡಿಯೋಕೆ ಕಲಿತ ನಮ್ಮೂರದ್ದೇ ಒಬ್ಬ ಹುಡುಗ ಇದ್ರೆ ಸಾಕು. ನಿಜ, "ಸ್ಕ್ಯಾನ್ ಇಲ್ಲದೇನೇ ನಮ್ಮ ಹಿರಿಯರಿಗೆ ಗೊತ್ತಿತ್ತು" ಅಂತ ಕೆಲವರು ಅಂತೀರಿ. ಅವರಿಗೆ ಗೊತ್ತಿತ್ತು. ಆದ್ರೆ ಜೆಸಿಬಿಗೆ ಹೇಳಿಟ್ಟಿದ್ದು ನಾವು, ಅವರಲ್ಲ.

ಮಾಳಿಗೆ ಕಥೆ ಏನಾಯ್ತು ಅಂದ್ರೆ, ಕ್ಯಾಮೆರಾದಲ್ಲಿ ಮೂಲೆ ಒಂದು ಮಾತ್ರ ಕಡು ನೀಲಿ ಕಂಡಿತ್ತು. ತೇವ ಇದ್ದಲ್ಲಿ ತಂಪು. ಕೆದಕಿದ್ರೆ ಅಲ್ಲಿ ಎರಡು ಜಂತೆ ಗೆದ್ದಲು ಹಿಡಿದಿದ್ವು, ಉಳಿದವು ಗಟ್ಟಿ. ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ, ಈ ಮಳೆಗಾಲ ನೋಡಾಣ ಅಂದಿದಾನೆ. ಜೆಸಿಬಿಗೆ ಬೇಡ ಅಂತ ಹೇಳಾಯ್ತು. ಕರಲು ಮಣ್ಣು ಎರಡು ಟ್ರ್ಯಾಲಿ ಬೇಕು, ಮಳೆ ಹಿಡಿಯೋ ಮುಂಚೆ ಮಾಳಿಗೆ ಮೇಲೆ ಹಾಕಬೇಕು. ಸುತ್ತಮುತ್ತ ಎಲ್ಲಿ ಒಳ್ಳೇದು ಸಿಗ್ತದೆ ಅಂತ ಗೊತ್ತಿದ್ದೋರು ದಯವಿಟ್ಟು ತಿಳಿಸಿ.